ನಲವತ್ತು ಸೆಕೆಂಡಿಗೆ ಸಾಯುವ ಲೈನು

ಫೆಬ್ರವರಿ 5, 2001

ಸಹಾಯ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ನಿಮ್ಮ ಸಂಸ್ಥೆಯಿಂದ ಇಂಟರ್ನೆಟ್ ಸಂಪರ್ಕ ಪಡೆದು ಇಂದಿಗೆ ಹದಿನಾರು ದಿನ. ಪಡೆದಿದ್ದೇನೆ ಎನ್ನುವುದಕ್ಕೆ ರಸೀದಿ ಇದೆ, ಗುಪ್ತಪದ ಬರೆದ ಲಕೋಟೆ ಇದೆ, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಇದೆ. ಇಂಟರ್ನೆಟ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ.

ನಿಮ್ಮ ಕೌಂಟರಿಗೆ ಮೂರು ಸಲ ಬಂದೆ. ಅಲ್ಲಿ ಕೂರುವ ಮಹಾಶಯರು ಮೊದಲ ಸಲ "ಕಂಪ್ಯೂಟರಲ್ಲಿ ಏನು ಹಾಕಿದೀರಾ ಮೇಡಂ?" ಎಂದರು. ಲಿನಕ್ಸ್ ಎಂದೆ. ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಹಾಗೆ ಮುಖ ಮಾಡಿ, "ಅಯ್ಯೋ, ಅದನ್ನ ಅಳಿಸಿಬಿಟ್ಟು ಎಲ್ರೂ ಹಾಕ್ಕೊಳ್ಳೋದನ್ನೇ ಹಾಕ್ಕೊಳ್ಳಿ" ಎಂದರು. ಎರಡನೇ ಸಲ "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ, ಹೇಳ್ಕೊಡ್ತೀನಿ" ಎಂದರು. ಮೂರನೇ ಸಲ ನನ್ನನ್ನು ಕಂಡ ಕೂಡಲೇ ಊಟಕ್ಕೆಂದು ಎದ್ದು ಹೋದರು. ಆಗ ಬೆಳಿಗ್ಗೆ ಹತ್ತೂವರೆ.

ನಾನು ಅದನ್ನು ಅಳಿಸುವುದಿಲ್ಲ. ಈ ಕಂಪ್ಯೂಟರು ನಾನು ಪಾಠ ಹೇಳುತ್ತಿದ್ದ ಟೈಪಿಂಗ್ ಶಾಲೆ ಮುಚ್ಚಿದಾಗ ನನ್ನ ಪಾಲಿಗೆ ಬಂದದ್ದು. ಅದನ್ನು ನಡೆಸುವ ಈ ಲಿನಕ್ಸ್ ಒಳಗೇ ಇತ್ತು. ಅದು ಏನು ಮಾಡುತ್ತಿದೆ, ಎಲ್ಲಿ ಎಡವಿತು ಎಂದು ಸಾಲು ಸಾಲಾಗಿ ಪರದೆಯ ಮೇಲೆ ಬರೆದು ತೋರಿಸುತ್ತದೆ. ನಿಮ್ಮ ಮಹಾಶಯರಿಗಿಂತ ಸಾವಿರ ಪಾಲು ಮೇಲು.

ತೊಂದರೆ ಇಷ್ಟೇ. ಡಯಲ್ ಮಾಡು ಎಂದರೆ ಮೋಡೆಮ್ ಲೈನು ಎತ್ತುತ್ತದೆ, ಸುಮ್ಮನೆ ನಿಲ್ಲುತ್ತದೆ, ಆಮೇಲೆ "ಡಯಲ್ ಟೋನ್ ಇಲ್ಲ" ಎಂದು ಬರೆದು ಕೈಬಿಡುತ್ತದೆ. ಟೋನ್ ಇದೆ. ನಾನೇ ಕೇಳಿದ್ದೇನೆ. ಹದಿನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸಿದವಳಿಗೆ ಟೋನ್ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅವಸರ ಏನೆಂದು ಕೇಳುತ್ತೀರಿ. ಆಸ್ಪತ್ರೆಗಳ ವೈದ್ಯರು ಟೇಪಿನಲ್ಲಿ ಹೇಳಿದ ವರದಿಗಳನ್ನು ಕೇಳಿ ಟೈಪು ಮಾಡುವ ಕೆಲಸವೊಂದು ಮನೆಯಿಂದಲೇ ಮಾಡಲು ಸಿಗುವುದಿದೆ. ಮಾರ್ಚ್ 31ರೊಳಗೆ ನನ್ನ ಮನೆಯ ಲೈನಿನಿಂದ ಪರೀಕ್ಷೆಯ ಫೈಲು ಕಳಿಸಿ ತೋರಿಸಬೇಕು. ಆಗದಿದ್ದರೆ ಈ ಬಾಡಿಗೆ ಮನೆ ಬಿಟ್ಟು ಅಣ್ಣನ ಮನೆಗೆ ಹೋಗಿ, ಹಾಸಿಗೆ ಹಿಡಿದ ಅವನ ಅತ್ತೆಯ ಸೇವೆ ಮಾಡಿಕೊಂಡು ಬಿದ್ದಿರಬೇಕು. ಅಣ್ಣ ಅದನ್ನು ಆಸರೆ ಎನ್ನುತ್ತಾನೆ. ನಾನು ಏನೆನ್ನುತ್ತೇನೆ ಎಂದು ಕಚೇರಿಯ ಪತ್ರದಲ್ಲಿ ಬರೆಯುವ ಹಾಗಿಲ್ಲ.

ಇಂತಿ,
ನಿಮ್ಮ ಗ್ರಾಹಕಿ, ಹಳೆಯ ಟೆಲಿಫೋನ್ ಆಪರೇಟರ್


ಫೆಬ್ರವರಿ 14

ಮಾನ್ಯ ಗ್ರಾಹಕರೇ,

ತಮ್ಮ 5ನೇ ತಾರೀಖಿನ ಪತ್ರ ತಲುಪಿದೆ. ಲಿನಕ್ಸ್ ಅಳವಡಿಸಿದ ಕಂಪ್ಯೂಟರುಗಳಿಗೆ ನಮ್ಮ ಸಂಸ್ಥೆಯು ಸಹಾಯ ಒದಗಿಸುವುದಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ. ಸಿಬ್ಬಂದಿಯ ನಡವಳಿಕೆಯಿಂದ ತಮಗೆ ಬೇಸರವಾಗಿದ್ದಲ್ಲಿ ಅದಕ್ಕೂ ವಿಷಾದಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮೇಲ್ವಿಚಾರಕಿ, ಸಹಾಯ ವಿಭಾಗ

(ಕೆಳಗೆ, ಪೆನ್ನಿನಲ್ಲಿ)
ಐದು, ನೀನೇ ತಾನೆ? ಈ ಅಕ್ಷರ ಹನ್ನೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಪಕ್ಕದ ಸ್ವಿಚ್‌ಬೋರ್ಡಿನಲ್ಲಿ ಕೂತು ನೋಡಿದ್ದೇನೆ. ಹೇಗಿದ್ದೀಯ? — ನಾಲ್ಕು


ಫೆಬ್ರವರಿ 17

ಮೇಲ್ವಿಚಾರಕಿಯವರಿಗೆ,

ಹೌದು, ನಾನೇ. ಐದನೇ ಬೋರ್ಡು.

ನೀನು ಆ ಕಚೇರಿಯಲ್ಲಿದ್ದೀಯ ಎಂದು ಗೊತ್ತಿದ್ದರೆ ಅಂಚೆ ಚೀಟಿಯನ್ನು ವ್ಯರ್ಥ ಮಾಡುತ್ತಿರಲಿಲ್ಲ. ಹೇಗಿದ್ದೀಯ ಎಂದು ಕೇಳಿದ್ದೀಯ. ಆರು ವರ್ಷದ ಹಿಂದೆ ವಿಚಾರಣೆಯ ಕೋಣೆಯಿಂದ ಹೊರಗೆ ಬಂದಾಗ ಕೇಳಬೇಕಿತ್ತು. ಆಗ ನೀನು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ನಿಂತಿದ್ದೆ.

"ಐದನೇ ಬೋರ್ಡಿನ ಆಪರೇಟರ್ ಅಧಿಕಾರಿಗಳ ಮಾತನ್ನು ಕದ್ದು ಕೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ." ನೀನು ಬರೆದುಕೊಟ್ಟ ಸಾಲು. ನನಗೆ ಬಾಯಿಪಾಠ ಬರುತ್ತದೆ. ಆ ಸಾಲಿನಿಂದ ನನಗೆ ಕೆಲಸ ಹೋಯಿತು. ಆಪರೇಟರಿಗೆ ಕಳ್ಳಕಿವಿ ಎಂಬ ಹೆಸರು ಬಂದರೆ ಮತ್ತೆ ಯಾರು ಹತ್ತಿರ ಸೇರಿಸುತ್ತಾರೆ? ಐದು ಕಡೆ ಅರ್ಜಿ ಹಾಕಿದೆ. ಐದೂ ಕಡೆಯವರು ಹಳೆಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿದರು. ಅಲ್ಲಿಗೆ ಮುಗಿಯಿತು. ಏನೂ ವಿಚಾರಿಸದೆ ಕೆಲಸ ಕೊಟ್ಟದ್ದು ಆ ಟೈಪಿಂಗ್ ಶಾಲೆಯೊಂದೇ, ಅಲ್ಲೂ ಪಾಠ ಹೇಳುವವಳು ನಾನೊಬ್ಬಳೇ.

ಇರಲಿ. ನಾನು ಗ್ರಾಹಕಿ, ನೀನು ಸಹಾಯ ವಿಭಾಗ. ಸಹಾಯ ಮಾಡುವುದಿಲ್ಲ ಎಂದು ಅಚ್ಚುಕಟ್ಟಾಗಿ ಟೈಪು ಮಾಡಿ ಕಳಿಸಿದ್ದೀಯ, ಸಂತೋಷ. ನಾನೇ ಮಾಡಿಕೊಳ್ಳುತ್ತೇನೆ. ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿದೆ, ಮುನ್ನೂರನೇ ಪುಟದಲ್ಲಿದ್ದೇನೆ. ಮೋಡೆಮ್ ಎರಡನೇ ಪೋರ್ಟಿನಲ್ಲಿದೆ, ಮೊದಲನೆಯದರಲ್ಲಿ ಅಲ್ಲ ಎಂದು ಕಂಡುಹಿಡಿಯುವುದಕ್ಕೆ ಎರಡು ದಿನ ಹಿಡಿಯಿತು. ಹಿಡಿಯಲಿ. ನನಗೆ ಬೇಕಾದಷ್ಟು ಹಟ ಇದೆ, ಅದಕ್ಕೆ ಯಾರೂ ರಸೀದಿ ಕೊಡಬೇಕಾಗಿಲ್ಲ.

ಭಾನುವಾರ ಅಣ್ಣ ಬಂದಿದ್ದ. ಮೋಡೆಮ್ ನೋಡಿ, "ಇದೆಲ್ಲಾ ನಿನ್ನ ಕೈಲಿ ಆಗತ್ತೇನೇ? ಸುಮ್ನೆ ಬಾ, ಮಹಡಿ ಕೋಣೆ ಖಾಲಿ ಇದೆ" ಎಂದ. "ಖಾಲಿ ಇದ್ರೆ ಗಾಳಿಯಾಡ್ಲಿ ಬಿಡು" ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

— ಐದು


ಫೆಬ್ರವರಿ 24

ಐದು,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ, ಕಚೇರಿಯ ಹೆಸರಿನಲ್ಲಿ ಅಲ್ಲ. ನಿಷೇಧಿಸಿದ ಸಿಸ್ಟಮ್ಮಿಗೆ ಸಹಾಯ ಹೇಳಿದ್ದು ಗೊತ್ತಾದರೆ ನನಗೆ ಮೆಮೊ ಬರುತ್ತದೆ. ಬಂದರೆ ಬರಲಿ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲು ನಿನ್ನ ಲೈನು ನೋಡೋಣ.

ನಿನ್ನ ಬಡಾವಣೆಯ ಎಕ್ಸ್‌ಚೇಂಜು ಇನ್ನೂ ಹಳೆಯದು. ಅದರ ಟೋನ್ ನಮ್ಮ ಕಿವಿಗೆ ಗೊತ್ತು, ಮೋಡೆಮ್ಮಿಗೆ ಗೊತ್ತಿಲ್ಲ. ಅದು ಹೊಸ ಕಾಲದ ಟೋನಿಗೆ ಕಾಯುತ್ತಾ ಕೂತಿದೆ. ಸೆಟ್ಟಿಂಗ್ ಫೈಲಿನಲ್ಲಿ ಮೋಡೆಮ್ಮಿಗೆ ಮೊದಲು ಕಳಿಸುವ ಆಜ್ಞೆಯ ಸಾಲಿದೆಯಲ್ಲ, ಅದರಲ್ಲಿ ಟೋನಿಗೆ ಕಾಯದೆ ಡಯಲ್ ಮಾಡು ಎಂದು ಹೇಳಬೇಕು. ಹಾಗೆಯೇ ಗುಂಡಿ ಒತ್ತುವ ಫೋನಿನ ಹಾಗೆ ಅಲ್ಲ, ಬೆರಳು ಹಾಕಿ ತಿರುಗಿಸುವ ಹಳೆಯ ಫೋನಿನ ಹಾಗೆ ಟಕಟಕ ಎಂದು ಡಯಲ್ ಮಾಡು ಎಂದೂ ಹೇಳಬೇಕು. ಎರಡಕ್ಕೂ ಏನು ಬರೆಯಬೇಕು ಎಂದು ಬೇರೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಲಗತ್ತಿಸಿದ್ದೇನೆ. ಕೌಂಟರಿನವನಿಗೆ ಇದು ಗೊತ್ತಿಲ್ಲ. ಅವನಿಗೆ ಊಟದ ಹೊತ್ತು ಒಂದೇ ಗೊತ್ತು.

ಆಮೇಲೆ ಪರದೆಯ ಮೇಲೆ ಏನು ಬರುತ್ತದೆ ಎಂದು ಸಾಲು ಬಿಡದೆ ಬರೆದು ಕಳಿಸು. ಬೈದು ಬರೆದರೂ ಸರಿ, ಬರಿ.

— ನಾಲ್ಕು


ಮಾರ್ಚ್ 5

ನಾಲ್ಕು,

ಡಯಲ್ ಆಯಿತು.

ಟಕಟಕ ಎಂದು ನಂಬರು ಓಡಿ, ಆ ಕಡೆಯದು ಎತ್ತಿ, ಎರಡೂ ಯಂತ್ರಗಳು ಒಂದನ್ನೊಂದು ನೋಡಿ ಕಿರುಚಿಕೊಂಡಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಎಂಥ ಕರ್ಕಶ ಸದ್ದು ಮಾರಾಯ್ತಿ! ಹಾಳಾದ ಕೇಬಲ್ಲಿನಲ್ಲಿ ಇಬ್ಬರು ದಲ್ಲಾಳಿಗಳು ಜಗಳವಾಡಿದ ಹಾಗೆ. ಆದರೂ ಕಣ್ಣಲ್ಲಿ ನೀರು ಬಂತು. ಆರು ವರ್ಷದ ಮೇಲೆ ಒಂದು ಲೈನು ಜೋಡಿಸಿದೆ.

ನಿನಗೆ ಕೃತಜ್ಞತೆ ಹೇಳಬೇಕು, ಹೇಳಿದ್ದೇನೆ. ಅದಕ್ಕಿಂತ ಹೆಚ್ಚು ಓದಿಕೊಳ್ಳಬೇಡ.

ಈಗ ಹೊಸ ಗೋಳು. ಕಿರುಚಾಟ ಮುಗಿದು ಸ್ಪೀಕರ್ ಸುಮ್ಮನಾಗುತ್ತದೆ. ಹೆಸರು ಕೇಳುತ್ತದೆ, ಕಂಪ್ಯೂಟರು ಕೊಡುತ್ತದೆ. ಗುಪ್ತಪದ ಕೇಳುತ್ತದೆ, ಕೊಡುತ್ತದೆ. ಒಪ್ಪಿಗೆ ಎಂದು ಬರುತ್ತದೆ. ವಿಳಾಸದ ಅಂಕಿ ಸಿಗುತ್ತದೆ. ಇಲ್ಲಿಯವರೆಗೆ ಹಬೆಯಾಡುವ ಅನ್ನದ ಹಾಗೆ ಸೊಗಸಾಗಿದೆ. ಲೈನು ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಂಡು ಬಂದು ಕೂರುವಷ್ಟರಲ್ಲಿ ಸತ್ತಿರುತ್ತದೆ. "ಕ್ಯಾರಿಯರ್ ಇಲ್ಲ", ಅಂದರೆ ಲೈನು ಕಡಿದುಹೋಗಿದೆ ಎನ್ನುವ ಒಂದು ಸಾಲು, ಅಷ್ಟೇ. ಗಡಿಯಾರ ಹಿಡಿದು ನೋಡಿದೆ. ನಲವತ್ತು ಸೆಕೆಂಡು. ಒಮ್ಮೆ ಮೂವತ್ತೆಂಟು, ಒಮ್ಮೆ ನಲವತ್ತೆರಡು. ಐದು ದಿನದಲ್ಲಿ ಅರವತ್ತೊಂದು ಸಲ ಪ್ರಯತ್ನಿಸಿದೆ. ಗೋಡೆಯ ಪೆಟ್ಟಿಗೆಯ ತಂತಿ ಬಿಚ್ಚಿ ತುದಿ ಕೆರೆದು ಮತ್ತೆ ಹಾಕಿದೆ. ವೇಗ ಅರ್ಧಕ್ಕೆ ಇಳಿಸಿದೆ. ಪುಸ್ತಕವನ್ನು ಮೊದಲಿನಿಂದ ಓದಿದೆ. ಏನೂ ಇಲ್ಲ.

ನಿಮ್ಮ ಕಡೆಯಿಂದಲೇ ಯಾರೋ ಕತ್ತರಿಸುತ್ತಿದ್ದಾರೆ ಎಂದು ನನ್ನ ಅನುಮಾನ. ಲಿನಕ್ಸಿನವರನ್ನು ಕಂಡರೆ ಎಳೆದು ಬಿಸಾಡಿ ಎಂದು ನಿಮ್ಮ ದೊಡ್ಡವರು ಹೇಳಿದ್ದಾರಾ? ಹೇಳಿದ್ದರೆ ಹಾಗೆಂದು ಬರೆದುಕೊಡಿ, ಚೌಕಟ್ಟು ಹಾಕಿಸಿ ಇಡುತ್ತೇನೆ.

ಕೆಲಸ ಕೊಡುವವರು ಇನ್ನೊಂದು ಪತ್ರ ಕಳಿಸಿದ್ದಾರೆ. ಫೈಲಿನ ಜೊತೆಗೆ, ಹಿಂದೆ ನನ್ನೊಂದಿಗೆ ದುಡಿದವರೊಬ್ಬರ ಕೈಬರಹದ ಪತ್ರ ಬೇಕಂತೆ. ರೋಗಿಗಳ ವಿಷಯವಾದ್ದರಿಂದ, ಇವಳು ಕಿವಿಗೆ ಬಿದ್ದದ್ದನ್ನು ಹೊರಗೆ ಬಿಡುವವಳಲ್ಲ ಎಂದು ಯಾರಾದರೂ ಹೇಳಬೇಕಂತೆ. ಓದಿ ನಕ್ಕೆ. ಬೇರೆ ಏನು ಮಾಡಲಿ?

ಮೊದಲು ಲೈನು ನಿಲ್ಲಲಿ.

— ಐದು


ಮಾರ್ಚ್ 13

ಐದು,

ನಮ್ಮ ಕಡೆಯಿಂದ ಯಾರೂ ಕತ್ತರಿಸುತ್ತಿಲ್ಲ. ದಾಖಲೆ ತೆಗೆದು ನೋಡಿದೆ. ಅರವತ್ತೊಂದು ಸಲವೂ ನಿನ್ನ ಕಡೆಯಿಂದಲೇ ಹೋಗಿದೆ. ಲಿನಕ್ಸು, ಮೋಡೆಮ್ಮು, ತಂತಿ ಯಾವುದೂ ತಪ್ಪು ಮಾಡಿಲ್ಲ ಎಂದು ನನಗೆ ಅನ್ನಿಸುತ್ತದೆ.

ಒಂದು ವಾರ ಯೋಚಿಸಿದೆ. ನಿನ್ನೆ ಕಚೇರಿಯಿಂದ ನಡೆದು ಬರುವಾಗ ಹೊಳೆಯಿತು. ರಸ್ತೆಯಲ್ಲಿಯೇ ನಿಂತುಬಿಟ್ಟೆ.

ಹೊಸಬರನ್ನು ಬೋರ್ಡಿಗೆ ಕೂರಿಸುವ ಮೊದಲ ದಿನ ನಮ್ಮ ಹಿರಿಯ ಆಪರೇಟರ್ ದೊಡ್ಡಕ್ಕ ಏನು ಹೇಳುತ್ತಿದ್ದರು? "ಇಬ್ಬರನ್ನ ಸೇರಿಸಿಬಿಟ್ಟು ಕೈ ತೊಳ್ಕೋಬೇಡಿ ಹುಡುಗೀರಾ. ಅರ್ಧ ನಿಮಿಷ ಬಿಟ್ಟು ಒಂದ್ಸಲ ಕಿವಿ ಕೊಟ್ಟು ನೋಡಿ. ಮಾತು ನಡೀತಿದ್ರೆ ಸರಿ, ಇಲ್ಲಾಂದ್ರೆ ಮತ್ತೆ ಜೋಡಿಸಿ." ಅವರು ನಿವೃತ್ತರಾದ ಮೇಲೆ ನಾವೆಲ್ಲ ಬಿಟ್ಟೆವು. ನೀನೊಬ್ಬಳು ಬಿಡಲಿಲ್ಲ.

ಒಳಗಿನ ಕೋಣೆಯಲ್ಲಿ ಅದೇ ಲೈನಿಗೆ ಸೇರಿದ ಇನ್ನೊಂದು ಫೋನು ಇದೆಯಾ? ಸ್ಪೀಕರ್ ಸುಮ್ಮನಾದ ಮೇಲೆ ನೀನು ಹೋಗಿ ಅದರ ರಿಸೀವರ್ ಎತ್ತಿ ಕೇಳುತ್ತೀಯಾ?

ಎತ್ತಿದರೆ ಸದ್ದು ಕಲಸಿಹೋಗಿ ಲೈನು ಸಾಯುತ್ತದೆ.

— ನಾಲ್ಕು


ಮಾರ್ಚ್ 15

ಎತ್ತುತ್ತೇನೆ.

— ಐದು


ಮಾರ್ಚ್ 22

ನಾಲ್ಕು,

ಕಳೆದ ವಾರ ಆ ಒಂದೇ ಮಾತು ಬರೆಯಲು ಆದದ್ದು. ನಾಚಿಕೆಗೆ ಕೈ ಓಡಲಿಲ್ಲ. ಅರವತ್ತೊಂದು ಸಲ ಜೋಡಿಸಿ, ಅರವತ್ತೊಂದು ಸಲ ನನ್ನ ಕೈಯಾರೆ ಕೊಂದಿದ್ದೇನೆ. ಎತ್ತುತ್ತಿದ್ದೇನೆ ಎಂದೇ ನನಗೆ ಗೊತ್ತಿರಲಿಲ್ಲ. ಕಣ್ಣು ಮಿಟುಕಿಸಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ? ಲೈನು ಸುಮ್ಮನಾದರೆ ನನಗೆ ನಂಬಿಕೆ ಬರುವುದಿಲ್ಲ, ಕಾಲು ತಾನಾಗಿ ಒಳಗೆ ಹೋಗುತ್ತದೆ.

ನಿನ್ನ ಕಾಗದ ಓದಿದ ಮೇಲೆ ಮತ್ತೆ ಜೋಡಿಸಿದೆ. ಒಳಕೋಣೆಗೆ ಬೀಗ ಹಾಕಿ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತೆ. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನಲವತ್ತು ಸೆಕೆಂಡು ದಾಟಿತು. ಒಂದು ನಿಮಿಷ. ಐದು ನಿಮಿಷ. ಪರದೆಯ ಮೇಲೆ ಅಂಕಿಗಳು ಏರುತ್ತಿದ್ದವು, ಸದ್ದೇ ಇಲ್ಲ. ಆ ಐದು ನಿಮಿಷ ನಾನು ಪಟ್ಟ ಕಷ್ಟ ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸರೂ ಪಟ್ಟಿರಲಾರರು. ಐವತ್ತೆರಡು ನಿಮಿಷ ನಿಂತಿತು. ಪರೀಕ್ಷೆಯ ಫೈಲು ಹೋಯಿತು. ಎರಡೇ ದಿನಕ್ಕೆ ಉತ್ತರ ಬಂತು. ಒಂದು ತಪ್ಪೂ ಇಲ್ಲವಂತೆ. ವೈದ್ಯರೊಬ್ಬರು ಕೆಮ್ಮುತ್ತಾ ನುಂಗಿದ ಪದವನ್ನೂ ಹಿಡಿದಿದ್ದೇನಂತೆ.

ಗೆದ್ದೆ ಎಂದುಕೊಂಡೆ. ಇನ್ನೂ ಇಲ್ಲ.

ಆ ಪತ್ರದ ವಿಷಯ. ನಾನೇ ಅವರಿಗೆ ಇದ್ದದ್ದು ಇದ್ದ ಹಾಗೆ ಬರೆದು ಹಾಕಿದೆ. ಕದ್ದು ಕೇಳಿದಳು ಎಂಬ ಆರೋಪದ ಮೇಲೆ ನನ್ನನ್ನು ತೆಗೆದರು, ಆರೋಪ ಸುಳ್ಳು, ನನ್ನ ಪರವಾಗಿ ಬರೆಯುವವರು ಯಾರೂ ಇಲ್ಲ, ನಂಬಿದರೆ ಕೆಲಸ ಕೊಡಿ ಎಂದೆ. ಅವರು ಸಭ್ಯರು. ನಮಗೆ ನಿಮ್ಮ ಕೆಲಸ ಬೇಕು, ಆದರೆ ಇಂಥ ಆರೋಪ ಇದ್ದ ಮೇಲೆ ಜೊತೆಗಿದ್ದವರ ಮಾತಿಲ್ಲದೆ ಆಗುವುದಿಲ್ಲ, ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದು ಬರೆದಿದ್ದಾರೆ.

ಅಣ್ಣನಿಗೆ ಹೇಗೋ ಗಾಳಿಸುದ್ದಿ ಸಿಕ್ಕಿ, ಸಾಮಾನು ತುಂಬುವುದಕ್ಕೆ ಆರು ರಟ್ಟಿನ ಡಬ್ಬ ತಂದು ಬಾಗಿಲಲ್ಲಿ ಇಳಿಸಿ ಹೋಗಿದ್ದಾನೆ. "ತಿಂಗಳ ಕೊನೆಗೆ ವ್ಯಾನ್ ಕಳಿಸ್ತೀನಿ" ಎಂದ. "ವ್ಯಾನಿನವನಿಗೆ ಚಹಾ ಕೊಟ್ಟು ಕಳಿಸ್ತೀನಿ" ಎಂದೆ. ಒಂದು ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಮೋಡೆಮ್ ಕೂರಿಸಿದ್ದೇನೆ. ಒಳ್ಳೆಯ ಎತ್ತರ.

ಇಷ್ಟೆಲ್ಲ ಬರೆದದ್ದು ನಿನ್ನಿಂದ ಏನಾದರೂ ಕೇಳುವುದಕ್ಕೆ ಅಲ್ಲ. ಹಾಗೆ ತಿಳಿದರೆ ಈ ಕಾಗದ ಹರಿದುಹಾಕು. ಇವರು ಕೊಡದಿದ್ದರೆ ಇನ್ನೊಬ್ಬರನ್ನು ಹುಡುಕುತ್ತೇನೆ. ಲೈನು ನನ್ನದು, ಯಂತ್ರ ನನ್ನದು, ಕಿವಿ ನನ್ನದು. ಮಹಡಿ ಕೋಣೆಗೆ ನಾನು ಹೋಗುವುದಿಲ್ಲ.

— ಐದು


ಮಾರ್ಚ್ 27

ವೈದ್ಯಕೀಯ ವರದಿ ಸಂಸ್ಥೆಯ ವ್ಯವಸ್ಥಾಪಕರಿಗೆ,

ಮಾನ್ಯರೇ, ನಿಮ್ಮಲ್ಲಿ ಕೆಲಸಕ್ಕೆ ಅರ್ಜಿ ಹಾಕಿರುವ, ಹಿಂದೆ ಎಕ್ಸ್‌ಚೇಂಜಿನ ಐದನೇ ಬೋರ್ಡಿನಲ್ಲಿದ್ದ ಆಪರೇಟರ್ ಬಗ್ಗೆ ಈ ಪತ್ರ. ಬರೆಯಲು ಅವರು ನನ್ನನ್ನು ಕೇಳಿಲ್ಲ. ಕೇಳುವವರೂ ಅಲ್ಲ.

ಅವರ ಪಕ್ಕದ ನಾಲ್ಕನೇ ಬೋರ್ಡಿನಲ್ಲಿ ಹನ್ನೊಂದು ವರ್ಷ ಕೂತವಳು ನಾನು. ಅವರ ವಿರುದ್ಧ ಸಾಕ್ಷಿ ಬರೆದುಕೊಟ್ಟವಳೂ ನಾನೇ.

ಆರು ವರ್ಷದ ಹಿಂದಿನ ಆ ಮಧ್ಯಾಹ್ನ ದೊಡ್ಡ ಅಧಿಕಾರಿಯ ಕರೆಗೆ ಏಳು ನಿಮಿಷ ಕಿವಿಗೊಟ್ಟು ಕೂತಿದ್ದವಳು ನಾನು. ಕೆಲಸದಿಂದ ಯಾರನ್ನು ತೆಗೆಯಬೇಕು ಎಂದು ಅಧಿಕಾರಿಗಳು ಮಾತಾಡುತ್ತಿದ್ದರು. ನನ್ನ ಹೆಸರು ಬಂತು. ನನ್ನ ಮಗಳಿಗೆ ಆಗ ಎರಡು ವರ್ಷ, ಆಸ್ಪತ್ರೆಯಲ್ಲಿದ್ದಳು. ಯಾರೋ ಲೈನಿನಲ್ಲಿದ್ದಾರೆ ಎಂದು ಅಧಿಕಾರಿಗೆ ಅನುಮಾನ ಬಂದು ವಿಚಾರಣೆ ನಡೆಯಿತು. ಕರೆ ಜೋಡಿಸಿದ ಮೇಲೆ ಒಮ್ಮೆ ಕಿವಿಗೊಟ್ಟು ನೋಡುವ ಅಭ್ಯಾಸ ಐದನೇ ಬೋರ್ಡಿನವರಿಗೆ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವರ ಹೆಸರು ಬರೆದರೆ ನಂಬುತ್ತಾರೆ ಎಂದು ನನಗೂ ಗೊತ್ತಿತ್ತು. ಬರೆದೆ. ನಂಬಿದರು. ಒಬ್ಬರು ಹೋದದ್ದರಿಂದ ನಾನು ಉಳಿದೆ.

ಐದನೇ ಬೋರ್ಡಿನವರು ಅಂದು ನನ್ನನ್ನು ನೋಡಿದ್ದರು. ಮಾತು ಕೇಳುವ ನನ್ನ ಸ್ವಿಚ್ಚು ತೆರೆದಿರುವುದನ್ನು ನೋಡಿ, ನನ್ನ ಮುಖ ನೋಡಿ, ತಮ್ಮ ಬೋರ್ಡಿನ ಕಡೆ ತಿರುಗಿಕೊಂಡಿದ್ದರು. ವಿಚಾರಣೆಯಲ್ಲಿ ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. "ನನ್ನ ಕೆಲಸ ನಾನು ಮಾಡಿದೀನಿ. ಬೇರೆಯವರ ಬೋರ್ಡಿನ ವಿಷಯ ನನ್ನ ಕೇಳಬೇಡಿ" ಎಂದಷ್ಟೇ ಹೇಳಿದರು. ಕೆಲಸ ಹೋದಾಗ ಹೇಳಲಿಲ್ಲ. ಆರು ವರ್ಷ ಯಾರಿಗೂ ಹೇಳಲಿಲ್ಲ. ಕಳೆದ ತಿಂಗಳು ಮೈಯೆಲ್ಲ ಉರಿಯುವ ಹಾಗೆ ನನಗೆ ಬೈದು ಕಾಗದ ಬರೆದರು, ಅದರಲ್ಲಿಯೂ ಆ ಮಾತು ಎತ್ತಲಿಲ್ಲ.

ಇವರು ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಬಿಡುವವರಲ್ಲ ಎಂಬುದಕ್ಕೆ ಒಬ್ಬರ ಮಾತು ಬೇಕು ಎಂದಿದ್ದೀರಿ. ನನ್ನ ಗುಟ್ಟನ್ನು ಅವರು ಆರು ವರ್ಷ ಕಾಪಾಡಿದ್ದಾರೆ. ಇಂದು ಅದು ಹೊರಗೆ ಬಂದದ್ದು ನನ್ನ ಬಾಯಿಂದ.

ಈ ಪತ್ರದ ಒಂದೊಂದು ಪ್ರತಿಯನ್ನು ಹಳೆಯ ಕಚೇರಿಗೂ, ನಾನು ಈಗ ದುಡಿಯುವ ಸಂಸ್ಥೆಗೂ, ಅವರಿಗೂ ಕಳಿಸುತ್ತಿದ್ದೇನೆ. ಏನು ಮಾಡುತ್ತಾರೋ ಮಾಡಿಕೊಳ್ಳಲಿ.

ಇಂತಿ,
ನಾಲ್ಕನೇ ಬೋರ್ಡು
ಸದ್ಯಕ್ಕೆ ಮೇಲ್ವಿಚಾರಕಿ, ಸಹಾಯ ವಿಭಾಗ


ಏಪ್ರಿಲ್ 9

ನಾಲ್ಕು,

ಕೆಲಸ ಕೊಟ್ಟರು. ಕಳೆದ ಸೋಮವಾರದಿಂದ ಕೂತಿದ್ದೇನೆ. ವ್ಯಾನಿನವನು ಬಂದು ಚಹಾ ಕುಡಿದು ಐದು ಡಬ್ಬ ವಾಪಸು ತೆಗೆದುಕೊಂಡು ಹೋದ.

ನಿನ್ನ ಪತ್ರದ ಪ್ರತಿ ಓದಿದೆ. ಅದನ್ನು ಓದುತ್ತಾ ಎಷ್ಟು ಅತ್ತೆ ಎಂದು ನಿನಗೆ ಹೇಳುವ ಉದ್ದೇಶ ಇರಲಿಲ್ಲ, ಹೇಳಿದ್ದಾಯಿತು. ಸಿಟ್ಟು ಹೋಗಿಲ್ಲ. ಆರು ವರ್ಷದ ಸಿಟ್ಟು, ಒಂದು ಕಾಗದಕ್ಕೆ ಹೋಗುವಂಥದ್ದಲ್ಲ. ಹೋದಾಗ ತಿಳಿಸುತ್ತೇನೆ.

ನಿನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ, ಇಪ್ಪತ್ತನೇ ತಾರೀಖು ವಿಚಾರಣೆ ಎಂದು ಕೌಂಟರಿನ ಮಹಾಶಯರೇ ಹೇಳಿದರು. ಲಿನಕ್ಸಿಗೆ ಸಹಾಯ ಮಾಡಿದ್ದು ಒಂದು ಆರೋಪ, ಹಳೆಯದು ಇನ್ನೊಂದು. ಎದುರಿಗೆ ಮೂವರು ಕೂತಿರುತ್ತಾರೆ, ಮೇಜಿನ ಮೇಲೆ ನೀರಿನ ಲೋಟ ಇಟ್ಟಿರುತ್ತಾರೆ. ಕುಡಿಯಬೇಡ, ಹೆದರಿದ್ದಾಳೆ ಎಂದುಕೊಳ್ಳುತ್ತಾರೆ. ತಲೆ ತಗ್ಗಿಸಬೇಡ. ಗಡಿಯಾರ ನೋಡಬೇಡ.

ಸಾಕ್ಷಿ ಯಾರಾದರೂ ಇದ್ದಾರಾ ಎಂದು ಕೇಳಿದರೆ ನನ್ನ ಹೆಸರು ಹೇಳು. ಹತ್ತು ಗಂಟೆಗೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಈ ಸಲ ಬಾಯಿ ಬಿಡುತ್ತೇನೆ.

— ಐದು